ಎಂಟನೆಯ ತಿಂಗಳಲ್ಲಿ ಬಿಟ್ಟ ಗುಳಿಗೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಎಚ್‌ಐವಿ ಇದೆ. ನನ್ನ ಗಂಡನಿಗೂ ಇದೆ. ಯಾರಿಂದ ಯಾರಿಗೆ ಬಂತು ಎಂದು ತಿಳಿಯುವ ಆಸೆ ಇದ್ದವರು ಇಲ್ಲಿಗೇ ಓದುವುದನ್ನು ನಿಲ್ಲಿಸಬಹುದು, ಏಕೆಂದರೆ ಅದಕ್ಕೆ ನಾನು ಉತ್ತರ ಬರೆಯುವುದಿಲ್ಲ. ಗುರುತಿನವರು, ಗುರುತಿಲ್ಲದವರು, ದವಾಖಾನೆಯ ಸಾಲಿನಲ್ಲಿ ಪಕ್ಕಕ್ಕೆ ಕೂತವರು, ಎಲ್ಲರಿಗೂ ಮೊದಲು ಬೇಕಾಗುವುದು ಅದೊಂದೇ. ಮಲೇರಿಯಾ ಬಂದವರನ್ನು ಯಾರೂ ಹಾಗೆ ಕೆದಕುವುದಿಲ್ಲ. ನಾನು ಬರೆಯಲು ಕೂತದ್ದು ನನ್ನ ಮಗಳು ದಿನ ತುಂಬುವ ಮುಂಚೆ ಹುಟ್ಟಿದ್ದನ್ನು, ಮತ್ತು ಅದಕ್ಕೂ ಮೊದಲು ಹನ್ನೆರಡು ದಿನ ನಾನು ಮಾಡಿದ ದಡ್ಡತನವನ್ನು. ನೆನೆದರೆ ಈಗಲೂ ಮೈ ಉರಿಯುತ್ತದೆ. ಅರ್ಧ ಸಿಟ್ಟು ನನ್ನ ಮೇಲೆಯೇ. ಉಳಿದರ್ಧಕ್ಕೆ ಬೇರೆ ವಾರಸುದಾರರಿದ್ದಾರೆ.

ನಾವಿರುವುದು ಸೈದಾಪುರದಲ್ಲಿ. ಗಂಡ ಕಡೇಚೂರಿನ ಒಂದು ಕಾರ್ಖಾನೆಯಲ್ಲಿ ಪಾಳಿಯ ಮೇಲೆ ಕೆಲಸ ಮಾಡುತ್ತಾರೆ. ನಾನು ಖಾಸಗಿ ಶಾಲೆಯೊಂದರಲ್ಲಿ ಆರು, ಏಳನೆಯ ತರಗತಿಗೆ ವಿಜ್ಞಾನ ಕಲಿಸುತ್ತೇನೆ. ಹೌದು, ವಿಜ್ಞಾನವನ್ನೇ. ಇದನ್ನು ನೆನಪಿಟ್ಟುಕೊಂಡರೆ ಮುಂದೆ ನನ್ನನ್ನು ಬೈಯಲು ಅನುಕೂಲವಾಗುತ್ತದೆ.

ಮದುವೆಯಾದ ಎರಡನೆಯ ವರ್ಷದಿಂದ ಇಬ್ಬರೂ ದಿನಕ್ಕೊಂದು ಗುಳಿಗೆ ನುಂಗುತ್ತ ಬಂದಿದ್ದೇವೆ. ನುಂಗುವುದೇನೂ ಕಷ್ಟವಲ್ಲ, ಬಚ್ಚಿಡುವುದೇ ಕಷ್ಟ. ಗುಳಿಗೆಯ ಡಬ್ಬಿ ಅಲ್ಲಾಡಿದರೆ ಗಲಗಲ ಸದ್ದು ಬರುತ್ತದೆಂದು ಒಳಗೆ ಹತ್ತಿ ತುರುಕುತ್ತಿದ್ದೆ. ಮೇಲಿನ ಚೀಟಿಯನ್ನು ಬಿಸಿನೀರಿನಲ್ಲಿ ನೆನೆಸಿ ಕಿತ್ತುಬಿಡುತ್ತಿದ್ದೆ. ಯಾರಾದರೂ ನೋಡಿದರೆ ಕ್ಯಾಲ್ಸಿಯಂ ಗುಳಿಗೆ ಎಂದು ಹೇಳಲು ನಾಲಿಗೆ ಸದಾ ಸಿದ್ಧವಿರುತ್ತಿತ್ತು. ನನ್ನ ಅವ್ವನಿಗೂ ಹೇಳಿರಲಿಲ್ಲ. ಅವ್ವ ರಂಗಂಪೇಟೆಯಲ್ಲಿ ಖಡಕ್ ರೊಟ್ಟಿ ಬಡಿದು ಸುರಪುರದ ಖಾನಾವಳಿಗಳಿಗೆ ಕೊಡುತ್ತಾಳೆ. ಅಪ್ಪ ಹೋದ ಮೇಲೆ ಆ ರೊಟ್ಟಿಯ ಮೇಲೆಯೇ ನನ್ನನ್ನು ಓದಿಸಿದ್ದು. ಅವಳ ಸಿಟ್ಟಿಗೆ ನಾನು ಹೆದರುವವಳಲ್ಲ, ಆ ಸಿಟ್ಟು ನನಗೂ ಬಂದಿದೆ. ಹೆದರಿದ್ದು ಅವಳ ಅಳುವಿಗೆ.

ಬಸುರಿಯಾದಾಗ ಗುಳಿಗೆ ಕೊಡುವ ಕೇಂದ್ರದಲ್ಲಿ ಹೇಳಿದ್ದು ಒಂದೇ ಮಾತು, ಕೂಸಿನ ಸಲುವಾಗಿ ತಪ್ಪದೆ ನುಂಗಬೇಕು. ನುಂಗಿದೆ. ನುಂಗಿದರೆ ರೋಗಾಣು ನನ್ನ ರಕ್ತದಲ್ಲಿ ತಲೆ ಎತ್ತುವುದಿಲ್ಲ, ಕೂಸಿಗೆ ದಾಟುವ ಸಂಭವ ತೀರ ಕಡಿಮೆಯಾಗುತ್ತದೆ ಎಂಬುದು ನನಗೂ ತಿಳಿದಿತ್ತು. ಐದನೆಯ ತಿಂಗಳಿನಲ್ಲಿ ಅದೇ ಕೇಂದ್ರದ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ಹೆಣ್ಣುಮಗಳು ನನ್ನ ಹೊಟ್ಟೆ ನೋಡಿ ತಾನಾಗಿಯೇ ಮಾತು ತೆಗೆದಳು.

"ನಂದು ಕೂಸು ಏಳೂವರಿ ತಿಂಗಳಿಗೇ ಬಂದುಬಿಡ್ತ್ರಿ ಅಕ್ಕಾರ. ಈ ಗುಳಿಗಿಗೇ ಹಂಗ ಆಗ್ತದಂತ."

ಮನೆಗೆ ಬಂದು ಮೊಬೈಲಿನಲ್ಲಿ ಹುಡುಕಿದೆ. ಇಂಗ್ಲಿಷಿನಲ್ಲಿ ಉದ್ದುದ್ದ ಬರೆದಿದ್ದರು. ಇಂಥ ಔಷಧ ತೆಗೆದುಕೊಳ್ಳುವ ಬಸುರಿಯರಲ್ಲಿ ಕೆಲವರಿಗೆ ಅವಧಿಗೆ ಮುಂಚೆ ಹೆರಿಗೆಯಾಗುವುದು ಕಂಡುಬಂದಿದೆ ಎಂಬಲ್ಲಿಯವರೆಗೆ ಓದಿದೆ. ಮುಂದಿನ ಸಾಲು 'ಆದರೆ' ಎಂದು ಶುರುವಾಗಿತ್ತು. ಅದನ್ನು ಓದುವಷ್ಟು ಧೈರ್ಯ ಉಳಿದಿರಲಿಲ್ಲ, ಮೊಬೈಲನ್ನು ಬೋರಲು ಹಾಕಿ ಮಲಗಿದೆ.

ಮುಂದಿನ ಸಲ ಹೋದಾಗ ಕೇಂದ್ರದಲ್ಲಿ ಕೂತಿದ್ದವರನ್ನು ಕೇಳಿಯೇ ಬಿಟ್ಟೆ. ಯಾವ ಊರಿನ ಕೇಂದ್ರ, ಕೂತಿದ್ದವರು ಯಾರು ಎಂದು ಬರೆಯುವುದಿಲ್ಲ.

"ಸರ್, ಈ ಗುಳಿಗಿ ತಗೊಂಡ್ರ ಹೆರಿಗಿ ಜಲ್ದಿ ಆಗ್ತದಂತ. ಖರೇ ಏನ್ರಿ?"

ಆತ ತಲೆ ಎತ್ತದೆ ರಿಜಿಸ್ಟರಿನಲ್ಲಿ ಬರೆಯುತ್ತಲೇ ಹೇಳಿದ. "ಟೀಚರ್ ಇದ್ದೀರಿ, ನೀವೂ ಇಂಥಾ ಮಾತು ಕೇಳ್ತೀರಲ್ರಿ. ಕೂಸು ಚಲೋ ಇರಬೇಕಂದ್ರ ಸುಮ್ನ ನುಂಗ್ರಿ. ಮುಂದಿನವರು ಬರ್ರಿ."

ಸುಮ್ಮನೆ ನುಂಗಬೇಕಂತೆ. ಹೌದೋ ಅಲ್ಲವೋ ಎಂದು ಹೇಳಲು ಎಷ್ಟು ಹೊತ್ತು ಬೇಕಿತ್ತು? ಚಹಾ ಆರುವುದರೊಳಗೆ ಮುಗಿಯುವ ಮಾತು ಅದು. ನನ್ನ ಹಿಂದೆ ಆ ದಿನ ನಾಲ್ಕೇ ಜನರಿದ್ದರು. ನಾನು ಗುಳಿಗೆ ಒಲ್ಲೆ ಎಂದು ಹಟ ಹಿಡಿದಿರಲಿಲ್ಲ, ಒಂದು ಪ್ರಶ್ನೆ ಕೇಳಿದ್ದೆ ಅಷ್ಟೆ. ನನ್ನ ತರಗತಿಯಲ್ಲಿ ಹುಡುಗರು ಹೀಗೆ ಕೇಳಿದಾಗ ಸುಮ್ಮನೆ ಕೂಡು ಎಂದು ನಾನು ಗದರಿದರೆ ಮುಖ್ಯೋಪಾಧ್ಯಾಯರು ಕರೆದು ಕೇಳುತ್ತಾರೆ. ಇವರನ್ನು ಕೇಳುವವರು ಯಾರೂ ಇಲ್ಲ.

ಏಳನೆಯ ತಿಂಗಳಲ್ಲಿ ಅವ್ವ ಬಂದು ಕುಬಸ, ಅಂದರೆ ಸೀಮಂತ, ಮಾಡಿದಳು. ಹಸಿರು ಸೀರೆ, ಕುಬಸದ ಖಣ, ಮೊಣಕೈತನಕ ಹಸಿರು ಬಳೆ. ಐದು ಜನ ಮುತ್ತೈದೆಯರು ಉಡಿ ತುಂಬಿದರು. ಮೂರು ದಿನ ಕಳೆದು ಚೊಚ್ಚಲ ಬಾಣಂತನಕ್ಕೆಂದು ನನ್ನನ್ನು ರಂಗಂಪೇಟೆಗೆ ಕರೆದೊಯ್ದಳು. ಹತ್ತಿ ತುರುಕಿದ ಡಬ್ಬಿ ನನ್ನ ಚೀಲದ ತಳದಲ್ಲಿ, ಹಳೆಯ ಲಂಗದೊಳಗೆ ಸುತ್ತಿಕೊಂಡು ಬಂತು.

ಎಂಟು ಬಿದ್ದ ದಿನ ಅವ್ವ ಒಲೆಯ ಮುಂದಿನಿಂದಲೇ ಕಾಯ್ದೆ ಹೊರಡಿಸಿದಳು. "ಇನ್ನ ಈ ತಿಂಗಳು ಹೊಸ್ತಿಲ ದಾಟಬ್ಯಾಡ. ಭಾರ ಎತ್ತಬ್ಯಾಡ, ಕೈ ಮ್ಯಾಲ ಮಾಡಬ್ಯಾಡ. ಏಳರಾಗ ಹುಟ್ಟಿದ ಕೂಸು ಉಳೀತದ, ಒಂಬತ್ತರಾಗ ಹುಟ್ಟಿದ್ದು ಉಳೀತದ. ಎಂಟರಾಗ ಹುಟ್ಟಿದ್ದು ಮಾತ್ರ ಉಳಿಯಂಗಿಲ್ಲ."

ಅವ್ವನ ಜೊತೆ ರೊಟ್ಟಿ ಬಡಿಯಲು ಬರುವ ಇಬ್ಬರು ಹೆಂಗಸರೂ ದನಿಗೂಡಿಸಿದರು. ಒಬ್ಬಳ ಬಳಿ ನಾದಿನಿಯ ಕಥೆ ಇತ್ತು, ಇನ್ನೊಬ್ಬಳ ಬಳಿ ತನ್ನದೇ ಇತ್ತು. ನಮ್ಮ ಕಡೆ ಇದನ್ನು ನಂಬದ ಹೆಂಗಸು ಸಿಗುವುದು ಕಷ್ಟ. ಇದು ಸುಳ್ಳು, ಏಳಕ್ಕಿಂತ ಎಂಟರಲ್ಲಿ ಹುಟ್ಟಿದ ಕೂಸು ಹೆಚ್ಚು ಬಲಿತಿರುತ್ತದೆ ಎಂಬುದು ನನಗೆ ಗೊತ್ತಿತ್ತು. ಆದರೆ ಪುಸ್ತಕದಲ್ಲಿ ಗೊತ್ತಿರುವುದು ಬೇರೆ, ಒಳಗೆ ಕೂಸು ಒದೆಯುವಾಗ ಇಬ್ಬರು ಹೆಂಗಸರ ಕಣ್ಣಲ್ಲಿ ನೀರು ನೋಡುವುದು ಬೇರೆ. ಆ ಸಂಜೆ ಡಬ್ಬಿಯನ್ನು ಕೈಯಲ್ಲಿ ಹಿಡಿದು ಲೆಕ್ಕ ಹಾಕಿದೆ. ಗುಳಿಗೆ ಕೂಸನ್ನು ಬೇಗ ತರುತ್ತದೆ. ಎಂಟರಲ್ಲಿ ಬಂದರೆ ಕೂಸು ಉಳಿಯುವುದಿಲ್ಲ. ಅಂದಮೇಲೆ ಈ ಒಂದು ತಿಂಗಳು ಮಾತ್ರ ಗುಳಿಗೆ ಬಿಟ್ಟುಬಿಡುವುದು, ಒಂಬತ್ತು ಬಿದ್ದ ಬೆಳಿಗ್ಗೆಯಿಂದ ಮತ್ತೆ ಶುರು ಮಾಡುವುದು.

ಇದು ವಿಜ್ಞಾನದ ಟೀಚರ್ ಹಾಕಿದ ಲೆಕ್ಕ. ಅರ್ಧ ಮೊಬೈಲಿನದು, ಅರ್ಧ ರೊಟ್ಟಿಯ ಒಲೆಯದು. ಎರಡನ್ನೂ ಕೂಡಿಸಿ ನಾನು ಎಷ್ಟು ಜಾಣೆ ಎಂದು ಒಳಗೊಳಗೇ ಸಮಾಧಾನಪಟ್ಟುಕೊಂಡೆ ಬೇರೆ. ಗಂಡ ದಿನಾ ಸಂಜೆ ಫೋನಿನಲ್ಲಿ "ತಗೊಂಡಿ?" ಎಂದು ಕೇಳುತ್ತಿದ್ದರು. "ಹೂಂ" ಎನ್ನುತ್ತಿದ್ದೆ. ಹನ್ನೆರಡು ಸಲ ಹೂಂ ಅಂದೆ.

ಹದಿಮೂರನೆಯ ದಿನ ಬೆಳಿಗ್ಗೆ ಸೊಂಟ ಹಿಡಿದುಕೊಂಡಿತು. ಅವ್ವ ಮೊದಲು ಒಪ್ಪಲಿಲ್ಲ. "ಎಂಟರಾಗ ಸುಳ್ಳ ಬ್ಯಾನಿ ಬರ್ತಾವ" ಎಂದು ಶುಂಠಿ, ಜೀರಿಗೆ ಕುದಿಸಿ ಕುಡಿಸಿದಳು. ಒಂದು ತಾಸು ಹೋಯಿತು. ಸೀರೆ ನೆಂದಾಗ ಅವಳ ಮುಖ ಬಿಳುಪೇರಿತು, ಹಿಟ್ಟಿನ ಕೈಯಲ್ಲೇ ಓಣಿಯ ತುದಿಗೆ ಓಡಿ ಜೀಪಿನ ಚಾಚಾನನ್ನು ಕರೆತಂದಳು. ಚಾಚಾ ನಮ್ಮ ರೊಟ್ಟಿಯನ್ನು ಸುರಪುರಕ್ಕೆ ಮುಟ್ಟಿಸುವವನು, ನಾನು ಚಿಕ್ಕವಳಿದ್ದಾಗಿನಿಂದ ನೋಡಿದವನು.

"ಯಾದಗಿರಿಗಿ ನಡಿ ಚಾಚಾ" ಎಂದೆ. ದಿನ ತುಂಬದ ಕೂಸುಗಳನ್ನಿಡುವ ಗಾಜಿನ ಪೆಟ್ಟಿಗೆಗಳು ಅಲ್ಲಿನ ಸರ್ಕಾರಿ ದವಾಖಾನೆಯಲ್ಲಿವೆ ಎಂಬುದು ಗೊತ್ತಿತ್ತು. ಹುಟ್ಟಿದ ಕೂಡಲೇ ಕೂಸಿಗೆ ಹಾಕಬೇಕಾದ ಔಷಧದ ಹನಿಗಳು ಅಲ್ಲಿ ಸಿಗುತ್ತವೆ ಎಂಬುದೂ ಗೊತ್ತಿತ್ತು. ಆದರೆ ಎರಡನೆಯದನ್ನು ಅವ್ವನ ಮುಂದೆ ಹೇಳುವಂತಿರಲಿಲ್ಲ.

ಜೀಪು ಶಹಾಪುರ ಮುಟ್ಟುವಷ್ಟರಲ್ಲಿ ಬೇನೆ ಜೋರಾಯಿತು. "ಯಾದಗಿರಿತನಕ ತಡೆಯಂಗಿಲ್ಲ, ಇಲ್ಲೇ ತೋರಿಸೂಣು" ಎಂದು ಅವ್ವ ಹಟ ಹಿಡಿದು ಒಂದು ಖಾಸಗಿ ನರ್ಸಿಂಗ್ ಹೋಮಿನ ಮುಂದೆ ಜೀಪು ನಿಲ್ಲಿಸಿದಳು. ಒಳಗೆ ಖಾಟು ತೋರಿಸಿದರು, ಮಲಗಲು ಹೇಳಿದರು. ಅವ್ವ ಚೀಟಿ ಮಾಡಿಸಲು ಹೊರಗೆ ಹೋದಾಗ ನಾನು ನನ್ನ ಗುಳಿಗೆಯ ಕಾರ್ಡನ್ನು ತೆಗೆದು ಕೊಟ್ಟೆ. ಮುಚ್ಚಿಡಬಹುದಿತ್ತು, ಎಷ್ಟೋ ಜನ ಮುಚ್ಚಿಡುತ್ತಾರೆ. ಮುಚ್ಚಿಟ್ಟರೆ ಕೂಸಿಗೆ ಹನಿ ಹಾಕುವವರು ಯಾರು ಎಂದು ಕೊಟ್ಟೆ. ಕಾರ್ಡು ಒಳಗಿನ ಕೋಣೆಗೆ ಹೋಯಿತು. ಹಿಂದೆ ಬಂದದ್ದು ಖಾಟು ಖಾಲಿ ಇಲ್ಲ ಎಂಬ ಮಾತು.

ಅವ್ವ, ಚಾಚಾ ಇಬ್ಬರ ಹೆಗಲು ಹಿಡಿದು ಮತ್ತೆ ಜೀಪಿನವರೆಗೆ ನಡೆದೆ. ಅವ್ವನಿಗೆ ತಲೆಬುಡ ತಿಳಿಯಲಿಲ್ಲ. ಹಿಂದೆಯೇ ಬಂದ ನರ್ಸಿಗೆ ಗಂಟುಬಿದ್ದಳು.

"ಮೂರು ಖಾಟ್ ಖಾಲಿ ಅದಾವಲ್ರಿ! ನಾ ಕಣ್ಣಿಂದ ನೋಡೀನಿ."

"ನಿಮ್ಮ ಮಗಳಿಗಿ ಏಡ್ಸ್ ಅದ, ಗೊತ್ತಿಲ್ಲೇನು ನಿಮಗ? ಆಕಿನ್ನ ಮುಟ್ಟಿದ್ರ ನಮ್ಮಲ್ಲಿಗಿ ಬ್ಯಾರೆ ಪೇಶಂಟ್ ಬರ್ತಾರೇನು? ಯಾದಗಿರಿಗಿ ಒಯ್ರಿ."

ನಡುಹಗಲು. ಪಕ್ಕದಲ್ಲೇ ಔಷಧದ ಅಂಗಡಿ, ಅಲ್ಲಿ ನಿಂತಿದ್ದವರೆಲ್ಲ ಕತ್ತು ತಿರುಗಿಸಿದರು. ಹೀಗೆ ಕಳಿಸುವುದು, ಹೀಗೆ ಸಾರುವುದು ಎರಡೂ ಕಾಯ್ದೆಯ ಪ್ರಕಾರ ಅಪರಾಧ. ಅವಳು ಹೇಳಿದ ಹೆಸರೂ ತಪ್ಪು, ಎಚ್‌ಐವಿ ಇದ್ದ ಮಾತ್ರಕ್ಕೆ ಅದು ಏಡ್ಸ್ ಅಲ್ಲ. ಆದರೆ ನನ್ನ ಹೊಟ್ಟೆ ಉರಿಯುವುದು ಅದಕ್ಕಲ್ಲ. ಅವ್ವನಿಗೆ ಅದನ್ನು ಹೇಳುವುದು ನನ್ನ ಕೆಲಸವಾಗಿತ್ತು. ಹೇಗೆ ಹೇಳಬೇಕು, ಎಲ್ಲಿ ಕೂಡಿಸಿ ಹೇಳಬೇಕು, ಅತ್ತರೆ ಏನನ್ನಬೇಕು ಎಂದು ನಾಲ್ಕು ವರ್ಷದಿಂದ ಮಾತು ಜೋಡಿಸಿಟ್ಟಿದ್ದೆ. ಯಾರೋ ಒಬ್ಬಳು, ನನ್ನ ನಾಡಿಯನ್ನೂ ಮುಟ್ಟದವಳು, ರಸ್ತೆಯಲ್ಲಿ ನಿಂತು ಅದನ್ನು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳ ಮುಖ ನನಗಿನ್ನೂ ನೆನಪಿದೆ. ಕ್ಷಮಿಸುವಷ್ಟು ದೊಡ್ಡ ಮನಸ್ಸು ನನಗಿಲ್ಲ, ಬೆಳೆಸಿಕೊಳ್ಳುವ ಇರಾದೆಯೂ ಇಲ್ಲ.

ಅವ್ವ ಅಳಲಿಲ್ಲ. ಮುಚ್ಚಿದ ಬಾಗಿಲಿಗೆ ಮುಖ ಮಾಡಿ, ಓಣಿಯಲ್ಲಿ ಜಗಳಾಡುವ ಧ್ವನಿಯಲ್ಲಿ, "ಆಕಿಗಿ ಬ್ಯಾನಿ ಬಂದಾವ! ಅದೊಂದು ಕಾಣಲಿಲ್ಲೇನು ನಿಮಗ?" ಎಂದು ಒದರಿದಳು. ಆಮೇಲೆ ಜೀಪು ಹತ್ತಿ ನನ್ನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಚಾಚಾ ಎಲ್ಲವನ್ನೂ ಕೇಳಿಸಿಕೊಂಡಿದ್ದ. "ಗಟ್ಟಿ ಹಿಡ್ಕೊ ಬೇಟಾ" ಎಂದಷ್ಟೇ ಹೇಳಿ ಗಾಡಿ ಬಿಟ್ಟ. ಇಂದಿನವರೆಗೂ ಆತ ಓಣಿಯಲ್ಲಿ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ.

ಭೀಮಾ ನದಿಯ ಸೇತುವೆ ಬಂದಾಗ ಅವ್ವ ಕೇಳಿದಳು.

"ಕೂಸಿಗೂ ಬರ್ತದೇನು?"

"ಗುಳಿಗಿ ತಗೊಂಡ್ರ ಬರಂಗಿಲ್ಲವ್ವ, ಬಾಳ ಮಾಡಿ ಬರಂಗಿಲ್ಲ."

"ನೀ ತಗೊಂಡೀದಿ, ಹೌದಿಲ್ಲೋ?"

ಸುಳ್ಳು ಹೇಳಬಹುದಿತ್ತು. ಹನ್ನೆರಡು ದಿನದ ಅಭ್ಯಾಸವಿತ್ತು. "ಹನ್ನೆರಡು ದಿನ ಆತು, ಬಿಟ್ಟೀನಿ" ಎಂದೆ.

"ಯಾಕ ಬಿಟ್ಟಿ?"

"ಗುಳಿಗಿಂದ ಕೂಸು ಜಲ್ದಿ ಬರ್ತದಂದ್ರು. ಎಂಟರಾಗ ಬರಬಾರದಂತ ಬಿಟ್ಟೆ."

ನನ್ನ ಕೂದಲಲ್ಲಿ ಆಡುತ್ತಿದ್ದ ಅವ್ವನ ಕೈ ನಿಂತಿತು. ಬೆರಳ ಸಂದಿಯಲ್ಲಿ ಜೋಳದ ಹಿಟ್ಟು ಒಣಗಿತ್ತು. "ನಾ ಅಂದಿದ್ದಕ್ಕ?" ಎಂದಳು. ಅಷ್ಟರಲ್ಲಿ ಇನ್ನೊಂದು ಬೇನೆ ಬಂತು.

ಯಾದಗಿರಿಯಲ್ಲಿ ಹೆರಿಗೆಯ ಕೋಣೆಯಲ್ಲಿದ್ದ ಡಾಕ್ಟರಮ್ಮ ಕಾರ್ಡು ನೋಡಿ, ಕೊನೆಯ ಗುಳಿಗೆ ಯಾವಾಗ ತೆಗೆದುಕೊಂಡೆ ಎಂದು ಕೇಳಿದರು. ಇದ್ದದ್ದನ್ನು ಹೇಳಿದೆ. ಅವರು ಬೈಯಲಿಲ್ಲ. ಅಲ್ಲಿಯೇ ಒಂದು ಗುಳಿಗೆ ನುಂಗಿಸಿದರು, ಕೂಸಿನ ಪುಪ್ಪುಸ ಗಟ್ಟಿಯಾಗಲೆಂದು ಸೂಜಿ ಹಾಕಿಸಿದರು. ಮಧ್ಯಾಹ್ನ ನಾಲ್ಕಕ್ಕೆ ಮಗಳು ಹುಟ್ಟಿದಳು. ಒಂದೂವರೆ ಕಿಲೋಗಿಂತ ತುಸು ಹೆಚ್ಚು. ಅತ್ತಳೋ ಇಲ್ಲವೋ ಎನ್ನುವಂತೆ ಅತ್ತಳು. ಬಾಯಿಗೆ ಔಷಧದ ಹನಿ ಹಾಕಿ ಗಾಜಿನ ಪೆಟ್ಟಿಗೆಗೆ ಒಯ್ದರು. ಗಂಡ ಕಾರ್ಖಾನೆಯ ಅಂಗಿಯಲ್ಲೇ ಬಂದು ಗಾಜಿನಾಚೆ ನಿಂತಿದ್ದರು. ಹನ್ನೆರಡು ಹೂಂಗಳ ವಿಷಯ ತಿಳಿದ ಮೇಲೆ ಹೊರಗೆ ಹೋಗಿ ಬಹಳ ಹೊತ್ತು ಬಿಟ್ಟು ಬಂದರು. ಕಣ್ಣು ಕೆಂಪಾಗಿತ್ತು.

ಮರುದಿನ ಡಾಕ್ಟರಮ್ಮ ನನ್ನ ಖಾಟಿನ ಬಳಿ ಸ್ಟೂಲು ಎಳೆದುಕೊಂಡು ಕೂತರು. ಐದನೆಯ ತಿಂಗಳಿನಲ್ಲಿ ನಾನು ಕೇಳಿದ್ದಕ್ಕೆ ಉತ್ತರ ಆಗ ಸಿಕ್ಕಿತು. ಹೌದು, ಈ ಚಿಕಿತ್ಸೆಯಲ್ಲಿರುವ ಕೆಲವರಿಗೆ ಬೇಗ ಹೆರಿಗೆಯಾಗುತ್ತದೆ. ಕೆಲವು ಔಷಧಗಳಲ್ಲಿ ಹೆಚ್ಚು, ಕೆಲವುಗಳಲ್ಲಿ ಕಡಿಮೆ. ಆದರೆ ಚಿಕಿತ್ಸೆ ಇಲ್ಲದಿದ್ದರೆ ರೋಗದಿಂದಲೇ ಬೇಗ ಹೆರಿಗೆಯಾಗಬಹುದು, ಅದರ ಮೇಲೆ ರೋಗಾಣು ಕೂಸಿಗೆ ದಾಟುವ ಅಪಾಯ ಬಹಳ ದೊಡ್ಡದು. ಬೇಗ ಹುಟ್ಟಿದ ಕೂಸನ್ನು ಉಳಿಸಲು ದಾರಿಗಳಿವೆ. ಅದಕ್ಕೇ ಗುಳಿಗೆ ಬಿಡಬಾರದು, ತಪಾಸಣೆಗೆ ತಪ್ಪದೆ ಬರಬೇಕು, ನೋವು ಬಂದರೆ ಓಡಿ ಬರಬೇಕು. ನಿಮಗೆ ರಕ್ತ ಕಡಿಮೆ ಇತ್ತು, ಉರಿಮೂತ್ರವೂ ಇತ್ತು, ಇದು ಯಾವುದರಿಂದ ಆಯಿತೆಂದು ಬೆರಳಿಟ್ಟು ಹೇಳಲು ಬರುವುದಿಲ್ಲ ಎಂದರು.

ಇಷ್ಟೇ. ಏಳನೆಯ ತರಗತಿಯ ಹುಡುಗಿಗೂ ಅರ್ಥವಾಗುವ ಮಾತು. ಮೊಬೈಲಿನಲ್ಲಿ 'ಆದರೆ'ಯ ಆಚೆ ಇದೇ ಇದ್ದಿರಬೇಕು. ನನಗೆ ಸಮಾಧಾನವಾಗುವ ಬದಲು ಸಿಟ್ಟು ನೆತ್ತಿಗೇರಿತು.

"ಇದನ್ನ ಅವತ್ತೇ ಯಾಕ ಯಾರೂ ಹೇಳಲಿಲ್ರಿ ಮೇಡಂ?"

"ಹೇಳಿದ್ರೆ ಹೆದರಿ ಗುಳಿಗೆ ಬಿಡ್ತಾರೆ ಅಂತ ಕೆಲವರು ಹೇಳೋದಿಲ್ಲಮ್ಮ."

"ಹೇಳಲಿಲ್ಲಂತೇ ಬಿಟ್ಟೀನ್ರಿ ನಾ!"

ವಾರ್ಡಿನಲ್ಲಿ ನಾಲ್ಕು ಜನ ತಿರುಗಿ ನೋಡಿದರು. ಡಾಕ್ಟರಮ್ಮ ತಲೆ ತಗ್ಗಿಸಿ, "ನೀವು ಹೇಳೋದು ಸರಿ" ಎಂದರು. ಕಂಡಕಂಡವರ ತಪ್ಪಿಗೆ ಅವರ ಮೇಲೆ ಹರಿಹಾಯ್ದೆನಲ್ಲ ಎಂದು ಆಮೇಲೆ ನಾಚಿಕೆಯಾಯಿತು.

ಮಗಳು ಪೆಟ್ಟಿಗೆಯಲ್ಲಿ ಹತ್ತೊಂಬತ್ತು ದಿನ ಇದ್ದಳು. ನಡುವೆ ಒಂದು ದಿನ ಉಸಿರು ಕಟ್ಟಿ ನೀಲಿಗಟ್ಟಿದಳು, ಮತ್ತೆ ಉಸಿರು ಎಳೆದುಕೊಂಡಳು. ತೂಕ ಏರಲು ಶುರುವಾದ ಮೇಲೆ ಕೂಸನ್ನು ಬರಿ ಎದೆಗೆ ಅವುಚಿಕೊಂಡು ಕೂಡಬೇಕೆಂದರು. ನಾನು ದಣಿದಾಗ ಅವ್ವ ಕುಬಸ ಬಿಚ್ಚಿ ತನ್ನ ಎದೆಗೆ ಹಾಕಿಕೊಳ್ಳುತ್ತಿದ್ದಳು, ತಾಸುಗಟ್ಟಲೆ ಅಲ್ಲಾಡುತ್ತಿರಲಿಲ್ಲ. ರೊಟ್ಟಿಯ ಒಲೆ ಆರಿಸಿ ಬಂದವಳು ಒಂದು ದಿನವೂ ಊರಿಗೆ ಹೋಗಲಿಲ್ಲ. ನೋಡಲು ಬಂದವರಿಗೆಲ್ಲ ಮಾತ್ರ, "ಏಳರಾಗೇ ಹುಟ್ಟ್ಯಾಳ್ರಿ" ಎಂದು ಕಣ್ಣು ಮಿಟುಕಿಸದೆ ಹೇಳುತ್ತಿದ್ದಳು. ಎಂಟನ್ನು ಬಾಯಿಗೆ ತರಲು ಅವಳಿಗೆ ಧೈರ್ಯ ಸಾಲಲಿಲ್ಲ. ಆ ಒಂದು ಸುಳ್ಳಿಗೆ ನನಗೆ ನಗು ಬರುತ್ತಿತ್ತು.

ಗುಳಿಗೆ ತಪ್ಪಿದ್ದರಿಂದ ಕೂಸಿಗೆ ಔಷಧ ಹೆಚ್ಚು ವಾರ ಹಾಕಬೇಕಾಯಿತು. ಆರನೆಯ ವಾರದಲ್ಲಿ ಹಿಮ್ಮಡಿ ಚುಚ್ಚಿ ರಕ್ತ ತೆಗೆದರು, ಆರು ತಿಂಗಳಿಗೆ, ವರ್ಷಕ್ಕೆ ಮತ್ತೆ ತೆಗೆದರು. ಇಲ್ಲ ಎಂದೇ ಬಂತು. ಆದರೆ ಹದಿನೆಂಟು ತಿಂಗಳ ಪರೀಕ್ಷೆ ಆಗುವವರೆಗೆ ಕೊನೆಯ ಮಾತು ಹೇಳಲಾಗದು ಎಂದಿದ್ದರು. ಆ ಒಂದೂವರೆ ವರ್ಷ ಅವಳಿಗೆ ಕೆಮ್ಮು ಬಂದರೆ, ಒಂದು ದಿನ ಹಾಲು ಬೇಡವೆಂದರೆ, ನನ್ನ ಹನ್ನೆರಡು ದಿನಗಳನ್ನು ಒಂದೊಂದಾಗಿ ಎಣಿಸುತ್ತಿದ್ದೆ. ಅವ್ವನೂ ಎಣಿಸುತ್ತಿದ್ದಳೆಂದು ಕಾಣುತ್ತದೆ.

ಹದಿನೆಂಟು ತಿಂಗಳ ಪರೀಕ್ಷೆಗೆ ಅವ್ವ ತಾನೂ ಬರುತ್ತೇನೆಂದು ಯಾದಗಿರಿಗೆ ಬಂದಳು. ಫಲಿತಾಂಶ ಓದಿದವರು ನಕ್ಕರು. ಕೂಸಿಗೆ ಏನೂ ಇಲ್ಲ, ಇನ್ನು ಮುಂದೆ ಇದಕ್ಕಾಗಿ ಅವಳನ್ನು ಕರೆತರಬೇಕಿಲ್ಲ ಎಂದರು. ಹೊರಗೆ ಬಂದು ಬೇವಿನ ಮರದ ಕಟ್ಟೆಯ ಮೇಲೆ ಕೂತು ನಾನು ಜೋರಾಗಿ ಅತ್ತೆ. ಮಗಳು ಅವ್ವನ ಕಂಕುಳಿಂದ ಇಳಿದು ಕಟ್ಟೆಯ ಸುತ್ತ ಓಡಾಡುತ್ತಿದ್ದಳು. ಅವ್ವ ಸೆರಗಿನಿಂದ ನನ್ನ ಮುಖ ಒರೆಸಿದಳು. ನಾನು ಎಷ್ಟೋ ವರ್ಷಗಳಿಂದ ಅವಳ ಮುಖದ ಮೇಲೆ ಅಂಥ ಸಂತೋಷ ನೋಡಿರಲಿಲ್ಲ.

"ಸಾಕು ಏಳು. ಕೂಸು ಗೆದ್ದು ಬಂತು. ಇನ್ನ ಆ ಗುಳಿಗಿ ಭೀಮಾದಾಗ ಒಗದು ಊರಿಗಿ ಹೋಗೂಣು ನಡಿ."

ಅವಳು ತಮಾಷೆ ಮಾಡುತ್ತಿರಲಿಲ್ಲ. ಕೂಸಿನ ಸಲುವಾಗಿ ನುಂಗ್ರಿ, ಕೂಸಿನ ಸಲುವಾಗಿ ನುಂಗ್ರಿ ಎಂದು ಎಲ್ಲರೂ ಹೇಳಿದ್ದನ್ನು ಒಂದೂವರೆ ವರ್ಷ ಅವಳೂ ಕೇಳಿಸಿಕೊಂಡಿದ್ದಳು. ಕೂಸಿಗೆ ಏನೂ ಇಲ್ಲವೆಂದರೆ ಎಲ್ಲ ಮುಗಿಯಿತೆಂದು ತಿಳಿದಿದ್ದಳು. ನನಗೆ ಸಿಟ್ಟು ಬಂತು, ಆದರೆ ಅವಳ ಮೇಲಲ್ಲ. ಇಷ್ಟು ಜನರಲ್ಲಿ ಒಬ್ಬರೂ, ಇದು ನಿನ್ನ ಸಲುವಾಗಿ, ನೀನು ಬದುಕಬೇಕೆಂದು, ಎಂದು ಹೇಳಿರಲಿಲ್ಲ. ನಾನೂ ಹಾಗೆ ಅಂದುಕೊಂಡಿರಲಿಲ್ಲ. ಅಂದುಕೊಂಡಿದ್ದರೆ ಹನ್ನೆರಡು ದಿನ ಅಷ್ಟು ಸಲೀಸಾಗಿ ಬಿಡುತ್ತಿದ್ದೆನೆ?

"ಇಲ್ಲವ್ವ. ಕೂಸಿಂದು ಮುಗೀತು. ನಂದು ಮುಗಿಯಂಗಿಲ್ಲ. ಗುಳಿಗಿ ನನ್ನ ಸಲುವಾಗಿ ಅದಾವ."

ಅವಳು ಸೆರಗನ್ನು ಕೈಯಲ್ಲಿ ಮುದುರಿ ಹಿಡಿದು ನನ್ನನ್ನೇ ನೋಡಿದಳು.

"ಎಲ್ಲೀತನಕ ತಗೋಬೇಕು?"

"ಇರೂತನಕ."

ಅವ್ವ ಮಗಳನ್ನು ಎತ್ತಿ ನನ್ನ ತೊಡೆಯ ಮೇಲೆ ಕೂಡಿಸಿದಳು. ಆಮೇಲೆ ನನ್ನ ಗಲ್ಲ ಹಿಡಿದು, ಬೈಯುವ ಧ್ವನಿಯಲ್ಲೇ ಹೇಳಿದಳು.

"ಹಂಗಾರ ಬಾಳ ವರ್ಷ ತಗೊ."